ಒಂದೇ ಸೂರಿನಡಿ ಅಂಗಡಿ ಮತ್ತು ರೆಸ್ಟೋರೆಂಟ್: ಇಟಾಲಿಯನ್ ಆಹಾರ ಮಾರುಕಟ್ಟೆಯಲ್ಲಿ ನಾವು ಮೋಸಹೋದೆವೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ಇದ್ದೇವೆ. ಊರಿನಿಂದ ಬಂದಿರುವ ಅತ್ತೆ-ಮಾವನವರನ್ನೂ ಹತ್ತು ವರ್ಷದ ಮಗನನ್ನೂ ಕರೆದುಕೊಂಡು ಒಂದು ಶನಿವಾರ ಮಧ್ಯಾಹ್ನ ನ್ಯೂಯಾರ್ಕ್ ನಗರದ ದೊಡ್ಡದೊಂದು ಇಟಾಲಿಯನ್ ಆಹಾರ ಮಾರುಕಟ್ಟೆಗೆ ಹೋಗಿದ್ದೆವು. ಒಳಗೇ ನಾಲ್ಕೈದು ರೆಸ್ಟೋರೆಂಟ್‌ಗಳಿವೆ. ಅತ್ತೆ-ಮಾವ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅರ್ಧ ಗಂಟೆ ಎಂದವರು ಒಂದು ಗಂಟೆಗೂ ಹೆಚ್ಚು ಕಾಯಿಸಿದರು. ಕುಳಿತ ಮೇಲೆ, ಪಕ್ಕದಲ್ಲೇ ಕಾಣುತ್ತಿದ್ದ ತರಕಾರಿ ಅಡುಗೆಯ ರೆಸ್ಟೋರೆಂಟಿನಿಂದ ಒಂದು ತಟ್ಟೆ ತರಿಸಿ ಎಂದರೆ ಸಾಧ್ಯವಿಲ್ಲ ಎಂದರು. ಸ್ಪಗೆಟ್ಟಿ ಒಳಗೆ ಬೆಂದಿರಲಿಲ್ಲ. ಪಿಜ್ಜಾದ ಅಂಚು ಸುಟ್ಟು, ನಡುಭಾಗ ಒದ್ದೆಯಾಗಿತ್ತು. ಮೆನುವಿನ ಲೆಕ್ಕದಲ್ಲಿ 132 ಡಾಲರ್ ಆಗಬೇಕಿದ್ದ ಊಟಕ್ಕೆ, ಯಂತ್ರದಲ್ಲಿ ಶೇಕಡಾ 20ರ ಟಿಪ್ಸ್ ಒತ್ತಿದ ಮೇಲೆ, 172 ಡಾಲರ್ 46 ಸೆಂಟ್ ತೆತ್ತೆವು. 28 ಡಾಲರ್ ಎಂದು ಬರೆದಿದ್ದ ಚೀಸ್‌ಗೆ ಗಲ್ಲಾದಲ್ಲಿ 42 ಡಾಲರ್ ಹಾಕಿದರು. ಎಲ್ಲಕ್ಕಿಂತ ನೋವಾಗಿರುವುದೆಂದರೆ, ಸ್ಪಗೆಟ್ಟಿ ಸಸ್ಯಾಹಾರವೇ ಎಂದು ಕೇಳಿದಾಗ ವೇಟರ್ ಹೌದು ಎಂದಿದ್ದರು. ಮನೆಗೆ ಬಂದು ಓದಿದರೆ, ಮೇಲೆ ತುರಿದು ಹಾಕಿದ್ದ ಪಾರ್ಮಿಜಾನೋ ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಅಂಶ ಇರುತ್ತದಂತೆ. ಅತ್ತೆಯವರು ಎರಡು ದಿನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಮುಂದಿನ ತಿಂಗಳು ನನ್ನ ಅಕ್ಕನ ಕುಟುಂಬ ಬರುತ್ತಿದೆ, ಅವರಿಗೂ ಅಲ್ಲಿಗೆ ಹೋಗುವ ಆಸೆ. ನಾವು ಮೋಸಹೋದೆವೇ? ಮತ್ತೆ ಹೋಗಬಹುದೇ? ಕಟುವಾದ ವಿಮರ್ಶೆಯೊಂದನ್ನು ಬರೆಯಬೇಕೆಂದಿದ್ದೇನೆ, ಬರೆಯಲೇ?

ಉತ್ತರ: ನಿಮ್ಮ ಪತ್ರದಲ್ಲಿ ಆರು ದೂರುಗಳಿವೆ. ಅವುಗಳಲ್ಲಿ ಬಿಲ್ಲು, ಚೀಸ್‌ನ ಬೆಲೆ, ಪಕ್ಕದ ರೆಸ್ಟೋರೆಂಟಿನ ತಟ್ಟೆ ಮತ್ತು ಪಾಸ್ತಾ-ಪಿಜ್ಜಾಗಳ ವಿಷಯದಲ್ಲಿ ನೀವು ಮೋಸಹೋಗಿಲ್ಲ, ಆದರೆ ನಿಮಗೆ ಮೊದಲೇ ಹೇಳಬೇಕಾದುದನ್ನು ಯಾರೂ ಹೇಳಿಲ್ಲ. ಕಾಯಿಸಿದ್ದರಲ್ಲಿ ಅವರ ಅಂದಾಜು ತಪ್ಪಿದೆ. ಸಸ್ಯಾಹಾರದ ಪ್ರಶ್ನೆಗೆ ಸಿಕ್ಕ ಉತ್ತರ ಮಾತ್ರ ನಿಜವಾದ ಲೋಪ; ಅದರ ಹಿಂದೆ ದುರುದ್ದೇಶ ಇರಲಿಕ್ಕಿಲ್ಲವಾದರೂ ಲೋಪ ಲೋಪವೇ. ಆದ್ದರಿಂದ ಆರನ್ನೂ ಒಂದೇ ಸಿಟ್ಟಿನಲ್ಲಿ ಕಟ್ಟದೆ ಒಂದೊಂದಾಗಿ ಬಿಡಿಸಿ ನೋಡೋಣ. ಮಾರುಕಟ್ಟೆಯ ಹೆಸರನ್ನು ನೀವು ಬರೆದಿಲ್ಲ, ನಾನೂ ಊಹಿಸಲು ಹೋಗುವುದಿಲ್ಲ, ಏಕೆಂದರೆ ಅಮೆರಿಕದಲ್ಲಿ ಆಹಾರ ಮಳಿಗೆಗಳ ಮತ್ತು ರೆಸ್ಟೋರೆಂಟ್‌ಗಳ ನಿರ್ವಹಣೆಯಲ್ಲಿ ಕೆಲಸ ಮಾಡಿದ ನಾನು ಇವೇ ದೂರುಗಳನ್ನು ಈ ಮಾದರಿಯ ಬೇರೆಬೇರೆ ಜಾಗಗಳಲ್ಲಿ ಕೇಳಿದ್ದೇನೆ.

ಈ ಮಾದರಿ ತೀರಾ ಹಳೆಯದಲ್ಲ. 2007ರಲ್ಲಿ ಓಸ್ಕರ್ ಫರಿನೆಟ್ಟಿ ಎಂಬ ಉದ್ಯಮಿ ಇಟಲಿಯ ಟ್ಯೂರಿನ್ ನಗರದ ಲಿಂಗೊಟ್ಟೊ ಭಾಗದಲ್ಲಿ, ಹಿಂದೆ ಕಾರ್ಪಾನೋ ಕಂಪನಿಯ ವರ್ಮುತ್ (ಗಿಡಮೂಲಿಕೆ ಬೆರೆಸಿದ ವೈನ್) ತಯಾರಾಗುತ್ತಿದ್ದ ಕಾರ್ಖಾನೆಯ ಕಟ್ಟಡದಲ್ಲಿ 'ಈಟಲಿ' ಎಂಬ ಮಳಿಗೆಯನ್ನು ತೆರೆದರು. 2010ರಲ್ಲಿ ಅದು ಅಮೆರಿಕಕ್ಕೂ ಬಂತು, ಆಮೇಲೆ ಅದೇ ದಾರಿಯಲ್ಲಿ ಇತರರೂ ನಡೆದರು. ಅದರ ಹಿಂದಿನ ಯೋಚನೆ ಸರಳವಾದದ್ದು: ಒಂದೇ ಸೂರಿನಡಿ ಜನರು ಇಟಲಿಯ ಪದಾರ್ಥಗಳನ್ನು ಕೊಳ್ಳಬೇಕು, ಅವುಗಳಿಂದಲೇ ಮಾಡಿದ ಅಡುಗೆಯನ್ನು ಅಲ್ಲೇ ಉಣ್ಣಬೇಕು, ಸಾಧ್ಯವಾದರೆ ಅವುಗಳ ಬಗ್ಗೆ ಒಂದಿಷ್ಟು ಕಲಿಯಲೂಬೇಕು. ತಟ್ಟೆಯಲ್ಲಿ ರುಚಿ ನೋಡಿದ ಸ್ಪಗೆಟ್ಟಿಯ ಪೊಟ್ಟಣ ಹತ್ತು ಹೆಜ್ಜೆಯಾಚೆ ಕಪಾಟಿನಲ್ಲಿ ಸಿಗುತ್ತದೆ. ಗ್ರಾಹಕರಿಗೆ ಇದೆಲ್ಲ ಒಂದೇ ಜಾಗವಾಗಿ ಕಂಡರೂ ಒಳಗೆ ಎರಡು ಪ್ರತ್ಯೇಕ ವ್ಯಾಪಾರಗಳು ನಡೆಯುತ್ತಿರುತ್ತವೆ. ಅಂಗಡಿಯ ತೂಕ, ತೆರಿಗೆ ಮತ್ತು ಸಿಬ್ಬಂದಿ ಬೇರೆ, ರೆಸ್ಟೋರೆಂಟಿನ ಬೆಲೆ, ತೆರಿಗೆ ಮತ್ತು ಸಂಬಳದ ವ್ಯವಸ್ಥೆ ಬೇರೆ. ನಿಮಗಾದ ಬೇಸರದಲ್ಲಿ ಹೆಚ್ಚಿನ ಪಾಲು ಒಂದರ ನಿಯಮವನ್ನು ಇನ್ನೊಂದರಲ್ಲಿ ನಿರೀಕ್ಷಿಸಿದ್ದರಿಂದ ಬಂದದ್ದು. ಅದನ್ನು ವಿವರಿಸುವ ಫಲಕವೊಂದು ಬಾಗಿಲಲ್ಲೇ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯವೂ ಹೌದು.

ಮೊದಲು ಕಾಯುವಿಕೆಯ ವಿಚಾರ. ಕಾಯುತ್ತಾ ಅಡ್ಡಾಡುವ ಗ್ರಾಹಕರು ಏನಾದರೂ ಕೊಳ್ಳುತ್ತಾರೆಂದು ಬೇಕೆಂದೇ ತಡಮಾಡುತ್ತಾರೆ ಎಂಬ ಗುಮಾನಿ ಹಲವರಲ್ಲಿದೆ. ಖಾಲಿ ಮೇಜು ಯಾವ ರೆಸ್ಟೋರೆಂಟಿಗೂ ನಷ್ಟವೇ, ಹಾಗಾಗಿ ಮೇಜು ಇದ್ದೂ ಕೊಡದೆ ಕೂರಿಸುವುದಿಲ್ಲ. ಕಾಯುವ ಹೊತ್ತು ಕಪಾಟುಗಳ ನಡುವೆಯೇ ಕಳೆಯುವಂತೆ ಜಾಗವನ್ನು ವಿನ್ಯಾಸ ಮಾಡಿರುತ್ತಾರೆ ಎಂಬುದು ಮಾತ್ರ ನಿಜ, ಮತ್ತು ಅದು ಯೋಚಿಸಿ ಮಾಡಿದ್ದು. ನಿಮ್ಮ ವಿಷಯದಲ್ಲಿ ತಡವಾದದ್ದಕ್ಕೆ ಇನ್ನೊಂದು ಕಾರಣ ನನಗೆ ಕಾಣುತ್ತದೆ. ನೀವು, ನಿಮ್ಮ ಪತಿ, ಅತ್ತೆ, ಮಾವ, ಮಗ ಸೇರಿ ಐದು ಮಂದಿ ಇದ್ದಿರಬೇಕು. ಮೇಜು ಹೊಂದಿಸುವವರಿಗೆ ಐದು ಬಹಳ ತೊಡಕಿನ ಸಂಖ್ಯೆ. ಇಂಥ ಕಡೆ ಬಹುಪಾಲು ಮೇಜುಗಳು ಇಬ್ಬರಿಗೆ ಅಥವಾ ನಾಲ್ವರಿಗೆ ಇರುತ್ತವೆ. ಐದು ಮಂದಿಯನ್ನು ಕೂರಿಸಲು ಅಕ್ಕಪಕ್ಕದ ಎರಡು ಮೇಜುಗಳು ಒಟ್ಟಿಗೆ ಖಾಲಿಯಾಗಬೇಕು. ಮೊದಲ ಮೇಜಿನವರು ಎದ್ದರೂ ಎರಡನೆಯ ಮೇಜಿನವರು ಕಾಫಿ ಹೇಳಿದರೆ ನಿಮ್ಮ ಸರದಿ ಇಪ್ಪತ್ತು ನಿಮಿಷ ಹಿಂದಕ್ಕೆ ಹೋಗುತ್ತದೆ, ನಿಮ್ಮ ನಂತರ ಬಂದ ಇಬ್ಬರು ಮಾತ್ರ ನಿಮ್ಮ ಕಣ್ಣೆದುರೇ ಒಳಗೆ ಹೋಗುತ್ತಾರೆ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವರು ಹೇಳುವ ಅರ್ಧ ಗಂಟೆ ಎಂಬುದು ಸರಾಸರಿಯ ಅಂದಾಜು, ಶನಿವಾರದ ಮಧ್ಯಾಹ್ನ ಅದು ತಪ್ಪುವುದೇ ಹೆಚ್ಚು. ಮುಕ್ಕಾಲು ಗಂಟೆಯಾದಾಗ ಅವರೇ ಬಂದು ಹೇಳಬೇಕಿತ್ತು, ಮಾವನವರಿಗೆ ಕೂರಲು ಒಂದು ಕುರ್ಚಿಯನ್ನಾದರೂ ಕೊಡಬೇಕಿತ್ತು. ಇದನ್ನು ನೀವು ದೂರಿನಲ್ಲಿ ಸೇರಿಸಬಹುದು.

ಪಕ್ಕದ ರೆಸ್ಟೋರೆಂಟಿನ ತಟ್ಟೆಯ ವಿಚಾರ ಬೇಗ ಮುಗಿಯುವಂಥದ್ದು. ಕಣ್ಣಿಗೆ ಗೋಡೆಯಿಲ್ಲದಿದ್ದರೂ ಪ್ರತಿ ರೆಸ್ಟೋರೆಂಟಿಗೂ ತನ್ನದೇ ಒಲೆ, ತನ್ನದೇ ಆರ್ಡರ್ ಚೀಟಿ, ತನ್ನದೇ ವೇಟರ್‌ಗಳ ತಂಡ ಮತ್ತು ಆ ತಂಡದೊಳಗೇ ಹಂಚಿಕೆಯಾಗುವ ಟಿಪ್ಸ್ ಇರುವುದು ಸಾಮಾನ್ಯ. ಒಂದು ಕಡೆಯ ತಟ್ಟೆ ಇನ್ನೊಂದು ಕಡೆಯ ಮೇಜಿಗೆ ಹೋದರೆ ಬಿಲ್ಲು ಯಾರದು, ಬಿಸಿ ಆರಿದರೆ ಹೊಣೆ ಯಾರದು ಎಂಬ ಪ್ರಶ್ನೆಗಳು ಏಳುತ್ತವೆ. ಕೆಲವು ಕಡೆ ಮಧ್ಯದ ಸಾರ್ವಜನಿಕ ಮೇಜುಗಳಲ್ಲಿ ಹಲವು ಕೌಂಟರ್‌ಗಳ ತಿನಿಸುಗಳನ್ನು ಒಟ್ಟಿಗೆ ಇಟ್ಟುಕೊಂಡು ತಿನ್ನಲು ಅವಕಾಶವಿರುತ್ತದೆ, ಆದರೆ ಅವು ಬಹುಮಟ್ಟಿಗೆ ನಿಂತು ತಿನ್ನುವ ಎತ್ತರದ ಮೇಜುಗಳು.

ಇನ್ನು ಬೇಯದ ಸ್ಪಗೆಟ್ಟಿ ಮತ್ತು ಒದ್ದೆ ಪಿಜ್ಜಾ. ಇಲ್ಲಿ ಅಡುಗೆಯವರು ತಪ್ಪು ಮಾಡಿರುವ ಸಾಧ್ಯತೆ ಕಡಿಮೆ. ಒಣ ಪಾಸ್ತಾವನ್ನು ಇಟಲಿಯಲ್ಲಿ ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಅದು ಬೇಯುವುದು ಹೊರಗಿನಿಂದ ಒಳಕ್ಕೆ. ನೀರು ಎಳೆಯ ನಡುವಿಗೆ ತಲುಪುವ ಸ್ವಲ್ಪ ಮೊದಲೇ ಇಳಿಸಿ, ಬಾಣಲೆಯಲ್ಲಿ ಸಾಸ್‌ನೊಂದಿಗೆ ಕೊನೆಯ ಒಂದು ನಿಮಿಷ ಹೊರಳಿಸುತ್ತಾರೆ. ಒಂದು ಎಳೆಯನ್ನು ಹಲ್ಲಿನಿಂದ ಕಡಿದು ತುದಿಯನ್ನು ನೋಡಿದರೆ, ಮಧ್ಯದಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಾಣುತ್ತದೆ. ಅಲ್ಲಿನವರಿಗೆ ಆ ಹದವೇ ಬೇಕು, ಅದನ್ನು 'ಅಲ್ ದೆಂತೆ' ಎನ್ನುತ್ತಾರೆ. ಚುಕ್ಕೆ ದಪ್ಪವಾಗಿದ್ದು ಹಿಟ್ಟಿನ ರುಚಿ ನಾಲಿಗೆಗೆ ತಾಗಿದರೆ ಅದು ನಿಜಕ್ಕೂ ಬೆಂದಿಲ್ಲ, ಹಿಂದಕ್ಕೆ ಕಳುಹಿಸಬಹುದು. ಇಷ್ಟವಿಲ್ಲದವರು ಆರ್ಡರ್ ಕೊಡುವಾಗಲೇ ಇನ್ನೂ ಎರಡು ನಿಮಿಷ ಬೇಯಿಸಿ ಎಂದು ಹೇಳಬಹುದು. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ, ಹಲ್ಲಿನ ತೊಂದರೆ ಇರುವ ಹಿರಿಯರಿಗಾಗಿ ಪ್ರತಿದಿನವೂ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ.

ಪಿಜ್ಜಾ ನೇಪಲ್ಸ್ ಪದ್ಧತಿಯದ್ದಾಗಿರಬೇಕು. ಆ ಪದ್ಧತಿಯಲ್ಲಿ ಸೆಲ್ಸಿಯಸ್ ಲೆಕ್ಕದಲ್ಲಿ ನಾನೂರು ಡಿಗ್ರಿಗೂ ಮೀರಿ ಕಾದ ಒಲೆಯೊಳಗೆ ಪಿಜ್ಜಾ ಇರುವುದು 60ರಿಂದ 90 ಸೆಕೆಂಡುಗಳಷ್ಟು ಕಾಲ ಮಾತ್ರ. ಅಷ್ಟರಲ್ಲಿ ಉಬ್ಬಿದ ಅಂಚಿನ ಮೇಲೆ ಕಪ್ಪು ಕಲೆಗಳು ಏಳುತ್ತವೆ, ತೆಳುವಾದ ನಡುಭಾಗದಲ್ಲಿರುವ ಟೊಮ್ಯಾಟೊ ಮತ್ತು ತಾಜಾ ಮೊಜರೆಲ್ಲಾದ ನೀರು ಆರಲು ಸಮಯವೇ ಸಿಗುವುದಿಲ್ಲ. ನೇಪಲ್ಸಿನವರು ಅದನ್ನು ಚಾಕು-ಫೋರ್ಕ್ ಹಿಡಿದು ಅಥವಾ ಮಡಿಚಿ ತಿನ್ನುತ್ತಾರೆ. ನಿಮಗೆ ಗರಿಗರಿಯಾದದ್ದು ಬೇಕಿದ್ದರೆ ಅದೇ ಮಾರುಕಟ್ಟೆಯಲ್ಲಿ ಆಯತಾಕಾರದ ತಗಡಿನಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸಿ ಮಾರುವ ರೋಮ್ ಶೈಲಿಯ ಪಿಜ್ಜಾ ಸಿಗುವ ಸಾಧ್ಯತೆ ಇದೆ. ಅದು ಸಾಮಾನ್ಯವಾಗಿ ಕೌಂಟರಿನಲ್ಲಿ ಸಿಗುವುದರಿಂದ ಮೇಜಿಗಾಗಿ ಕಾಯುವ ಅಗತ್ಯವೂ ಬೀಳುವುದಿಲ್ಲ, ಮಕ್ಕಳಿಗೆ ಹೆಚ್ಚು ಹಿಡಿಸುವುದೂ ಅದೇ.

ಈಗ ನಿಮ್ಮ ಅತ್ತೆಯವರನ್ನು ನೋಯಿಸಿದ ವಿಷಯಕ್ಕೆ ಬರುತ್ತೇನೆ, ಮತ್ತು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಹಾಲನ್ನು ಒಡೆದು ಗಟ್ಟಿ ಮಾಡಲು ಹಲವು ಚೀಸ್‌ಗಳಲ್ಲಿ ರೆನೆಟ್ ಎಂಬ ಕಿಣ್ವವನ್ನು ಬಳಸುತ್ತಾರೆ. ಸಾಂಪ್ರದಾಯಿಕವಾಗಿ ಇದನ್ನು ಹಾಲು ಕುಡಿಯುವ ವಯಸ್ಸಿನ ಕರು ಅಥವಾ ಕುರಿಮರಿಯ ಜಠರದಿಂದ ತೆಗೆಯುತ್ತಾರೆ, ಅದಕ್ಕಾಗಿ ಆ ಪ್ರಾಣಿಯನ್ನು ಕೊಂದಿರಲೇಬೇಕು. ಪಾರ್ಮಿಜಾನೋ ರೆಜ್ಜಾನೋ ಎಂಬ ಹೆಸರನ್ನು ಯೂರೋಪಿನ ಕಾನೂನು ರಕ್ಷಿಸುತ್ತದೆ. ಆ ಹೆಸರಿನಲ್ಲಿ ಮಾರಬೇಕಾದರೆ ಹಾಲು, ಉಪ್ಪು ಮತ್ತು ಕರುವಿನ ರೆನೆಟ್ ಈ ಮೂರರಿಂದಲೇ, ಇಟಲಿಯ ಪಾರ್ಮಾ, ರೆಜ್ಜೋ ಎಮಿಲಿಯಾ, ಮೊದೆನಾ ಹಾಗೂ ಬೊಲೋನ್ಯಾ ಮತ್ತು ಮಾಂಟುವಾದ ನಿಗದಿತ ಭಾಗಗಳಲ್ಲಿಯೇ ತಯಾರಿಸಿ, ಕನಿಷ್ಠ 12 ತಿಂಗಳು ಮಾಗಿಸಿರಬೇಕು. ಅಂದರೆ ಅಸಲಿ ಪಾರ್ಮಿಜಾನೋದಲ್ಲಿ ಸಸ್ಯಾಹಾರಿ ಬಗೆ ಎಂಬುದು ಇರಲು ಸಾಧ್ಯವೇ ಇಲ್ಲ. ದುಬಾರಿಯಾದದ್ದು ಶುದ್ಧವಾಗಿರುತ್ತದೆ, ಅಗ್ಗದ್ದರಲ್ಲಿ ಏನೋ ಬೆರೆಸಿರುತ್ತಾರೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಅಮೆರಿಕದಲ್ಲೇ ತಯಾರಾಗುವ 'ಪಾರ್ಮೆಸಾನ್' ಹೆಸರಿನ ಸಾಧಾರಣ ಚೀಸ್‌ಗಳಲ್ಲಿ ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವ ಬಳಸಿರುವ ಸಾಧ್ಯತೆ ಹೆಚ್ಚು, ಅಸಲಿ ಪಾರ್ಮಿಜಾನೋದಲ್ಲಿ ಪ್ರಾಣಿಜನ್ಯ ರೆನೆಟ್ ಖಚಿತ.

ಪಾರ್ಮಿಜಾನೋದಂತೆಯೇ ಕಾಣುವ ಗ್ರಾನಾ ಪದಾನೋದಲ್ಲೂ ಕರುವಿನ ರೆನೆಟ್ ಇರುತ್ತದೆ, ಜೊತೆಗೆ ಅದನ್ನು ಮಾಡುವಾಗ ಸಾಮಾನ್ಯವಾಗಿ ಮೊಟ್ಟೆಯಿಂದ ತೆಗೆದ ಲೈಸೋಜೈಮ್ ಎಂಬ ಪದಾರ್ಥವನ್ನೂ ಸೇರಿಸುತ್ತಾರೆ. ಪೆಕೊರಿನೋ ರೊಮಾನೋಗೆ ಬಳಸುವುದು ಕುರಿಮರಿಯ ರೆನೆಟ್. ಎಮ್ಮೆಹಾಲಿನ ಮೊಜರೆಲ್ಲಾ ದಿ ಬುಫಲಾ ಕಂಪಾನಾದಲ್ಲೂ ಕರುವಿನದ್ದೇ. ಮಳಿಗೆಯಲ್ಲೇ ಗಾಜಿನ ಹಿಂದೆ ನಿಂತು ಬಿಸಿನೀರಿನಲ್ಲಿ ಎಳೆದು ಮಾಡುವ ತಾಜಾ ಮೊಜರೆಲ್ಲಾಗೆ ಬೇಕಾದ ಒಡೆದ ಹಾಲಿನ ಗಟ್ಟಿಯನ್ನು ಸಾಮಾನ್ಯವಾಗಿ ಹೊರಗಿನ ಡೇರಿಯಿಂದ ತರಿಸುತ್ತಾರೆ. ಅದರಲ್ಲಿ ಯಾವ ರೆನೆಟ್ ಇದೆ ಎಂದು ಆ ಕೌಂಟರಿನವರನ್ನೇ ಕೇಳಬೇಕು, ಅಮೆರಿಕದ ಡೇರಿಯದ್ದಾದರೆ ಪ್ರಾಣಿಜನ್ಯವಲ್ಲದ ಸಾಧ್ಯತೆ ಚೆನ್ನಾಗಿಯೇ ಇದೆ. ಪ್ರಯೋಗಾಲಯದ ವಿಧಾನದಲ್ಲಿ, ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿದ ಕೈಮೊಸಿನ್ ಎಂಬ ಕಿಣ್ವಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1990ರಲ್ಲೇ ಒಪ್ಪಿಗೆ ಕೊಟ್ಟಿದೆ, ಇಂದು ಅಲ್ಲಿನ ಬಹುಪಾಲು ಚೀಸ್ ಅದರಿಂದಲೇ ಆಗುತ್ತದೆ. ತೊಂದರೆ ಎಂದರೆ, ಪೊಟ್ಟಣದ ಮೇಲೆ ಕೇವಲ 'ಎನ್‌ಜೈಮ್ಸ್' ಎಂದು ಬರೆದರೂ ಅಲ್ಲಿನ ನಿಯಮಕ್ಕೆ ಸಾಕು. ಮೂಲ ಪ್ರಾಣಿಯೋ, ಸಸ್ಯವೋ, ಸೂಕ್ಷ್ಮಜೀವಿಯೋ ಎಂದು ಹೇಳಬೇಕಾಗಿಲ್ಲ. ರೆನೆಟ್‌ನ ಗೊಡವೆಯೇ ಇಲ್ಲದ ಇಟಾಲಿಯನ್ ಹಾಲುತಿನಿಸೆಂದರೆ ಕೆನೆಗೆ ಹುಳಿ ಬೆರೆಸಿ ಮಾಡುವ ಮಸ್ಕರ್ಪೋನೆ. ರಿಕೊಟ್ಟಾವನ್ನೂ ಹಲವರು ಹಾಗೆಯೇ ಎಣಿಸುತ್ತಾರೆ, ಆದರೆ ಸಾಂಪ್ರದಾಯಿಕ ರಿಕೊಟ್ಟಾ ಆಗುವುದು ಬೇರೆ ಚೀಸ್ ಮಾಡಿ ಉಳಿದ ತಿಳಿನೀರಿನಿಂದ. ಆ ಮೊದಲ ಚೀಸ್‌ಗೆ ಹಾಕಿದ ರೆನೆಟ್‌ನ ಕುರುಹು ಅದರಲ್ಲಿ ಉಳಿದಿರಬಹುದು; ಅದನ್ನು ಒಪ್ಪುವುದೋ ಬಿಡುವುದೋ ನಿಮ್ಮ ಮನೆಯವರು ತೀರ್ಮಾನಿಸಬೇಕಾದ ವಿಚಾರ.

ಹಾಗಾದರೆ ವೇಟರ್ ಸುಳ್ಳು ಹೇಳಿದರೇ? ಅಮೆರಿಕದ ರೆಸ್ಟೋರೆಂಟ್ ಭಾಷೆಯಲ್ಲಿ 'ವೆಜಿಟೇರಿಯನ್' ಎಂದರೆ ಮಾಂಸ, ಕೋಳಿ, ಮೀನು ಕಾಣುವಂತೆ ಇಲ್ಲ ಎಂದಷ್ಟೇ ಅರ್ಥ. ಮೊಟ್ಟೆ ಅದರೊಳಗೆ ಸೇರುತ್ತದೆ, ರೆನೆಟ್ ಯಾರ ತಲೆಗೂ ಬರುವುದಿಲ್ಲ. ಅವರು ತಮ್ಮ ಅರ್ಥದಲ್ಲಿ ಸರಿಯಾಗಿಯೇ ಹೇಳಿದರು. ಆದರೆ ಚೀಸ್ ಮಾರುವುದೇ ಮುಖ್ಯ ವ್ಯಾಪಾರವಾಗಿರುವ ಸ್ಥಳದಲ್ಲಿ, ಯಾವ ಚೀಸ್‌ನಲ್ಲಿ ಏನಿದೆ ಎಂಬುದನ್ನು ಮೇಜಿನ ಬಳಿಗೆ ಬರುವವರಿಗೆ ಕಲಿಸದಿರುವುದು ನಿರ್ವಹಣೆಯ ಲೋಪ, ಅದಕ್ಕೇ ಆರಂಭದಲ್ಲಿ ನಾನು ಆ ಮಾತು ಹೇಳಿದ್ದು. ಮುಂದೆ 'ಇದು ಸಸ್ಯಾಹಾರವೇ' ಎಂದು ಕೇಳದೆ, ಚೀಸ್‌ನಲ್ಲಿ ಪ್ರಾಣಿಜನ್ಯ ರೆನೆಟ್ ಇದೆಯೇ, ಪಾಸ್ತಾದ ಹಿಟ್ಟಿನಲ್ಲಿ ಮೊಟ್ಟೆ ಇದೆಯೇ, ಸಾಸ್ ಅಥವಾ ಸೂಪಿಗೆ ಮಾಂಸದ ಸಾರು ಇಲ್ಲವೇ ಆಂಚೊವಿ ಮೀನು ಹಾಕಿದ್ದೀರಾ ಎಂದು ಬಿಡಿಬಿಡಿಯಾಗಿ ಕೇಳಿ, ಉತ್ತರವನ್ನು ಅಡುಗೆಮನೆಯಿಂದ ತರಿಸಿ. ಅತ್ತೆಯವರು ತಿಂದದ್ದು ಒಣ ಸ್ಪಗೆಟ್ಟಿಯಾದ್ದರಿಂದ ಅದರಲ್ಲಿ ಮೊಟ್ಟೆ ಇದ್ದಿರುವ ಸಂಭವ ತೀರಾ ಕಡಿಮೆ. ಟ್ಯಾಲ್ಯಾಟೆಲ್ಲೆ, ರವಿಯೋಲಿಯಂಥ ತಾಜಾ ಪಾಸ್ತಾಗಳಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಪೆಸ್ಟೋ ಚಟ್ನಿ ನೋಡಲು ಪೂರ್ತಿ ಹಸಿರಾದರೂ ಅದರ ಸಾಂಪ್ರದಾಯಿಕ ಪಾಕದಲ್ಲಿ ಪಾರ್ಮಿಜಾನೋ ಮತ್ತು ಪೆಕೊರಿನೋ ಎರಡೂ ಇವೆ. ರಿಸೊಟ್ಟೊ ಎಂಬ ಅನ್ನದ ತಿನಿಸನ್ನು ಮಾಂಸದ ಸಾರಿನಲ್ಲಿ ಬೇಯಿಸುವುದುಂಟು. ಸಿಹಿಗಳಲ್ಲಿ ತಿರಮಿಸುವಿಗೆ ಮೊಟ್ಟೆ, ಪನ್ನಾ ಕೊಟ್ಟಾಗೆ ಪ್ರಾಣಿಜನ್ಯ ಜೆಲಟಿನ್ ಬೀಳುತ್ತದೆ. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಟೊಮ್ಯಾಟೊ ಹಾಕಿದ, ಚೀಸ್ ಇಲ್ಲದ ಪಿಜ್ಜಾ ಮರಿನಾರಾ ಅವರಿಗೆ ಸುರಕ್ಷಿತವಾದ ಆಯ್ಕೆ, ಆದರೂ ಅದರ ಮೇಲೆ ಆಂಚೊವಿ ಹಾಕುವುದಿಲ್ಲ ತಾನೇ ಎಂದು ಒಂದು ಮಾತು ಕೇಳಿಬಿಡಿ. ಹಣ್ಣಿನ ರಸವನ್ನು ಹೆಪ್ಪುಗಟ್ಟಿಸಿದ ಸೊರ್ಬೆಟ್ಟೊ, ಉಪ್ಪು-ಎಣ್ಣೆಯ ಫೊಕಾಚಾ ಬ್ರೆಡ್, ಬೆಂಕಿಯಲ್ಲಿ ಸುಟ್ಟ ತರಕಾರಿಗಳಿಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಬಿಲ್ಲಿನ ಲೆಕ್ಕಕ್ಕೆ ಬನ್ನಿ. ನ್ಯೂಯಾರ್ಕ್ ನಗರದಲ್ಲಿ ರೆಸ್ಟೋರೆಂಟ್ ಊಟದ ಮೇಲಿನ ಮಾರಾಟ ತೆರಿಗೆ ಶೇಕಡಾ 8.875. ನಿಮ್ಮ 132 ಡಾಲರಿಗೆ ಅದು 11 ಡಾಲರ್ 72 ಸೆಂಟ್ ಆಗಿ ಒಟ್ಟು 143 ಡಾಲರ್ 72 ಸೆಂಟ್ ಬರುತ್ತದೆ. ನೀವು ತೆತ್ತ ಮೊತ್ತಕ್ಕೂ ಇದಕ್ಕೂ ಇರುವ ಅಂತರ 28 ಡಾಲರ್ 74 ಸೆಂಟ್, ಅಂದರೆ ಸರಿಯಾಗಿ 143.72ರ ಶೇಕಡಾ 20. ಯಂತ್ರವು ತೆರಿಗೆ ಸೇರಿಸಿದ ಮೊತ್ತದ ಮೇಲೆ ಟಿಪ್ಸ್ ಎಣಿಸಿದೆ. ಊಟದ ಬೆಲೆಯ ಮೇಲಷ್ಟೇ ಎಣಿಸಿದ್ದರೆ 26 ಡಾಲರ್ 40 ಸೆಂಟ್ ಸಾಕಾಗುತ್ತಿತ್ತು. ಇದು ಅಕ್ರಮವಲ್ಲ, ಬಹಳಷ್ಟು ಯಂತ್ರಗಳು ಹೀಗೆಯೇ ಇರುತ್ತವೆ. ಬೇರೆ ಮೊತ್ತ ಬರೆಯುವ ಗುಂಡಿಯೊಂದು ಕೆಳಗೆ ಚಿಕ್ಕದಾಗಿ ಇದ್ದೇ ಇರುತ್ತದೆ. ಟಿಪ್ಸ್ ಕೊಡುವುದು ಐಚ್ಛಿಕವಾದರೂ, ಟಿಪ್ಸ್ ಬರುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿಯನ್ನು ಅಮೆರಿಕದ ಒಕ್ಕೂಟ ಕಾನೂನು ಗಂಟೆಗೆ 2 ಡಾಲರ್ 13 ಸೆಂಟ್‌ನಲ್ಲೇ 1991ರಿಂದ ನಿಲ್ಲಿಸಿದೆ. ನ್ಯೂಯಾರ್ಕಿನಂಥ ರಾಜ್ಯಗಳು ಅದಕ್ಕಿಂತ ಹೆಚ್ಚು ನಿಗದಿ ಮಾಡಿವೆಯಾದರೂ, ಮೇಜಿಗೆ ಬಡಿಸುವವರ ಸಂಪಾದನೆಯಲ್ಲಿ ದೊಡ್ಡ ಪಾಲು ಟಿಪ್ಸ್ ಎಂಬುದು ಬದಲಾಗಿಲ್ಲ. ಹಾಗಾಗಿ ಮೇಜಿನ ಊಟಕ್ಕೆ ಕೊಡಿ. ಕೌಂಟರಿನಲ್ಲಿ ಒಂದು ಕಾಫಿ ಕೊಟ್ಟು ಪರದೆ ತಿರುಗಿಸಿದಾಗ ಕೊಡದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ದೊಡ್ಡ ಗುಂಪು ಹೋದಾಗ ಸೇವಾಶುಲ್ಕವನ್ನು ಬಿಲ್ಲಿನಲ್ಲೇ ಸೇರಿಸುವ ಪದ್ಧತಿ ಕೆಲವು ಕಡೆ ಇರುವುದರಿಂದ, ಅಕ್ಕನ ಕುಟುಂಬದೊಂದಿಗೆ ಹೋದಾಗ ಆ ಸಾಲನ್ನು ಓದಿದ ಮೇಲೆಯೇ ಗುಂಡಿ ಒತ್ತಿ, ಇಲ್ಲದಿದ್ದರೆ ಎರಡು ಸಲ ಕೊಟ್ಟಂತಾಗುತ್ತದೆ.

ಚೀಸ್‌ಗೆ ಬರೆದಿದ್ದ 28 ಡಾಲರ್ ಒಂದು ಪೌಂಡಿನ, ಎಂದರೆ ಸುಮಾರು 454 ಗ್ರಾಮಿನ ಬೆಲೆ. ನಿಮ್ಮ ತುಂಡು ಒಂದೂವರೆ ಪೌಂಡ್ ತೂಗಿದೆ, ಲೆಕ್ಕ ಸರಿಯಾಗಿದೆ. ಕೌಂಟರಿನಲ್ಲಿ ನಡೆಯುವುದನ್ನು ಗಮನಿಸಿ: ಸುಮಾರು ನಲವತ್ತು ಕಿಲೋ ತೂಗುವ ಗಾಲಿಯಾಕಾರದ ಇಡೀ ಚೀಸ್‌ನಿಂದ ಒಡೆದ ದೊಡ್ಡ ಹೋಳಿನ ಮೇಲೆ ಅವರು ಚಾಕುವನ್ನು ಅಡ್ಡಲಾಗಿ ಇಟ್ಟು 'ಇಷ್ಟು ಸಾಕೇ' ಎಂಬಂತೆ ನಿಮ್ಮ ಮುಖ ನೋಡುತ್ತಾರೆ. ನೀವು ತಲೆಯಾಡಿಸುತ್ತೀರಿ. ಅದು ಎಷ್ಟು ತೂಗುತ್ತದೆಂಬುದು ನಿಮಗೂ ತಿಳಿದಿರುವುದಿಲ್ಲ, ಕತ್ತರಿಸಿ ಕಾಗದದಲ್ಲಿ ಸುತ್ತಿ ಚೀಟಿ ಅಂಟಿಸಿದ ಮೇಲೆ ಬೇಡವೆನ್ನಲು ಸಂಕೋಚವಾಗುತ್ತದೆ. ಅದಕ್ಕೆ ಬದಲಾಗಿ ಚಾಕು ಇಡುವ ಮೊದಲೇ 'ಕಾಲು ಪೌಂಡ್' ಎಂದೋ 'ಹತ್ತು ಡಾಲರಿನಷ್ಟು' ಎಂದೋ ಹೇಳಿ, ಒಂದು ಚೂರು ರುಚಿಗೆ ಕೇಳಿ. ಸಾಮಾನ್ಯವಾಗಿ ಸಂತೋಷದಿಂದಲೇ ಕೊಡುತ್ತಾರೆ. ಅಸಲಿಯೋ ಅಲ್ಲವೋ ತಿಳಿಯಲು ಹೊರಗಿನ ಗಟ್ಟಿ ಸಿಪ್ಪೆಯ ಮೇಲೆ ಚುಕ್ಕೆಗಳಲ್ಲಿ ಒತ್ತಿದ ಹೆಸರು ಕಾಣುತ್ತದೆಯೇ ನೋಡಬಹುದು. ಅಂದಹಾಗೆ, ಹೀಗೆ ಕತ್ತರಿಸಿ ಕೊಟ್ಟ ಚೀಸ್‌ಗೂ ಕಪಾಟಿನ ಪಾಸ್ತಾ, ಎಣ್ಣೆಗಳಿಗೂ ನ್ಯೂಯಾರ್ಕಿನಲ್ಲಿ ಮಾರಾಟ ತೆರಿಗೆ ಇಲ್ಲ. ಅದೇ ಚೀಸ್ ಅನ್ನು ಬ್ರೆಡ್ಡಿನ ನಡುವೆ ಇಟ್ಟು ಸ್ಯಾಂಡ್‌ವಿಚ್ ಮಾಡಿಸಿಕೊಂಡರೆ ತೆರಿಗೆ ಬೀಳುತ್ತದೆ.

ಪ್ರವಾಸಿಗರನ್ನು ಸುಲಿಯುವ ಜಾಗವೇ ಎಂಬ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರ ಕೊಡಲಾಗದು, ಏನು ಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ. ಹೆಸರಾಂತ ಬ್ರಾಂಡಿನ ಒಣ ಪಾಸ್ತಾ, ಡಬ್ಬಿಯ ಟೊಮ್ಯಾಟೊಗಳು ಸಾಮಾನ್ಯ ಸೂಪರ್ ಮಾರ್ಕೆಟ್ಟಿನಲ್ಲಿ ಕಡಿಮೆ ಬೆಲೆಗೆ ಸಿಗುವುದುಂಟು. ಅವುಗಳಿಗಾಗಿ ಅಲ್ಲಿಗೆ ಹೋಗಬೇಕಾಗಿಲ್ಲ. ಅದೇ ದಿನ ಮಾಡಿದ ಮೊಜರೆಲ್ಲಾ, ಬೆಳಿಗ್ಗೆ ಸುಟ್ಟ ಬ್ರೆಡ್, ಕಣ್ಣೆದುರು ಕತ್ತರಿಸುವ ಮಾಗಿದ ಚೀಸ್‌ಗೆ ಕೊಟ್ಟ ದುಡ್ಡು ದಕ್ಕುತ್ತದೆ. ಅಲ್ಲಿರುವುದೆಲ್ಲ ಇಟಲಿಯಿಂದ ಹಡಗಿನಲ್ಲಿ ಬಂದದ್ದು ಎಂಬುದೂ ತಪ್ಪು ಕಲ್ಪನೆ, ತಾಜಾ ತರಕಾರಿ ಮತ್ತು ಮಾಂಸದಲ್ಲಿ ಹೆಚ್ಚಿನದು ಅಮೆರಿಕದ್ದೇ ಆಗಿರುತ್ತದೆ. ಗ್ರಾಹಕರು ಹೆಚ್ಚಾಗಿ ಎಡವುವುದು ಬಾಲ್ಸಾಮಿಕ್ ವಿನೆಗರ್‌ನಲ್ಲಿ. 'ಐಜಿಪಿ' ಎಂಬ ಯೂರೋಪಿನ ಭೌಗೋಳಿಕ ಗುರುತಿನ ಸಾಮಾನ್ಯ ಮೊದೆನಾ ಬಾಲ್ಸಾಮಿಕ್ ಎಂದರೆ ದ್ರಾಕ್ಷಿರಸಕ್ಕೆ ವೈನ್ ವಿನೆಗರ್ ಬೆರೆಸಿ, ಕನಿಷ್ಠ 60 ದಿನ ಇಟ್ಟದ್ದು. 'ತ್ರಾದಿತ್ಸಿಯೋನಾಲೆ' (ಸಾಂಪ್ರದಾಯಿಕ) ಎಂದು ಬರೆದು 'ಡಿಒಪಿ' ಎಂಬ ಇನ್ನೂ ಕಟ್ಟುನಿಟ್ಟಿನ ಗುರುತಿರುವುದು ಕುದಿಸಿದ ದ್ರಾಕ್ಷಿರಸವನ್ನು ಮಾತ್ರ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಮಾಗಿಸಿದ್ದು. 'ಎಕ್ಸ್‌ಟ್ರಾವೆಕ್ಯೊ' ಎಂದಿದ್ದರೆ 25 ವರ್ಷ. ಮೊದೆನಾದ ಈ ಎರಡನೆಯ ಬಗೆಯು 100 ಮಿಲಿಲೀಟರಿನ ನಿಗದಿತ ಆಕಾರದ ಪುಟ್ಟ ಬಾಟಲಿಯಲ್ಲೇ ಬರುತ್ತದೆ. ಚೆಂದದ ದೊಡ್ಡ ಬಾಟಲಿಯ ಮೇಲೆ ಪೀಪಾಯಿಯ ಚಿತ್ರ ಬರೆದ ಮಾತ್ರಕ್ಕೆ ಅದು ಹನ್ನೆರಡು ವರ್ಷದ್ದಾಗುವುದಿಲ್ಲ, ಸಲಾಡಿಗೆ ದಿನನಿತ್ಯ ಸುರಿಯಲು ಮೊದಲನೆಯದೇ ಸಾಕು. ಆಲಿವ್ ಎಣ್ಣೆಯಲ್ಲಿ ಕೊಯ್ಲಿನ ವರ್ಷ ಬರೆದಿರುವ, ಗಾಢಬಣ್ಣದ ಬಾಟಲಿಯನ್ನು ಆರಿಸಿ. ಹಿಂಬದಿಯ ಚೀಟಿಯಲ್ಲಿ ಯೂರೋಪಿನ ಹಲವು ದೇಶಗಳ ಎಣ್ಣೆಗಳ ಮಿಶ್ರಣ ಎಂದಿದ್ದರೆ, ಮುಂಬದಿಯ ಇಟಾಲಿಯನ್ ಹೆಸರಿಗೆ ಹೆಚ್ಚು ಬೆಲೆ ತೆರಬೇಡಿ.

ಅಕ್ಕನ ಕುಟುಂಬದೊಂದಿಗೆ ಮತ್ತೆ ಹೋಗುವುದಾದರೆ, ವಾರದ ದಿನ ಹನ್ನೊಂದೂವರೆಗೋ ಮಧ್ಯಾಹ್ನ ಮೂರಕ್ಕೋ ಹೋಗಿ ಎಂಬುದು ನನ್ನ ಮೊದಲ ಸಲಹೆ. ಅಡುಗೆಮನೆಗೆ ಪುರುಸೊತ್ತಿರುತ್ತದೆ, ರೆನೆಟ್‌ನಂಥ ಪ್ರಶ್ನೆ ಕೇಳಿದರೆ ಒಳಗೆ ಹೋಗಿ ವಿಚಾರಿಸಿ ಬರುವ ವ್ಯವಧಾನ ವೇಟರ್‌ಗೂ ಇರುತ್ತದೆ. ಇದರಲ್ಲಿರುವ ತೊಡಕೆಂದರೆ ಮೂರು ಗಂಟೆಗೆ ಕೆಲವು ರೆಸ್ಟೋರೆಂಟ್‌ಗಳು ಪೂರ್ತಿ ಮೆನು ನಡೆಸದಿರಬಹುದು, ಫೋನ್ ಮಾಡಿ ಕೇಳುವುದು ಲೇಸು. ಶನಿವಾರವೇ ಹೋಗಬೇಕೆಂದರೆ ಮೇಜು ಕಾದಿರಿಸಲು ಅವಕಾಶವಿರುವ ರೆಸ್ಟೋರೆಂಟನ್ನೇ ಆರಿಸಿ. ಪಿಜ್ಜಾ-ಪಾಸ್ತಾದ ಜಾಗಗಳಲ್ಲಿ ಆ ಸೌಲಭ್ಯ ಇಲ್ಲದಿರುವುದೂ ಉಂಟು. ಹಾಗಿದ್ದಲ್ಲಿ ಗುಂಪನ್ನು ನಾಲ್ವರಂತೆ ಒಡೆದು ಎರಡು ಹೆಸರು ಬರೆಸಿದರೆ ಬೇಗ ಒಳಗೆ ಹೋಗುತ್ತೀರಿ, ಆದರೆ ಎರಡು ಮೇಜು ದೂರದೂರ ಸಿಕ್ಕರೆ ಒಟ್ಟಿಗೆ ಉಣ್ಣುವ ಸಂತೋಷ ಹೋಗುತ್ತದೆ. ಕೌಂಟರ್‌ಗಳಲ್ಲಿ ಕೊಂಡು ನಿಂತೇ ತಿನ್ನುವುದು ಎಲ್ಲಕ್ಕಿಂತ ಅಗ್ಗ, ನನಗಂತೂ ಈ ಜಾಗಗಳಲ್ಲಿ ಅದೇ ಇಷ್ಟ. ಮಂಡಿನೋವಿರುವವರಿಗೆ ಮಾತ್ರ ಅದು ಆಗದು. ಇನ್ನೊಂದು ದಾರಿ ಅತ್ತೆ-ಮಾವನವರಿಗೆ ಎಲ್ಲಕ್ಕಿಂತ ನೆಮ್ಮದಿಯದು: ಅಲ್ಲಿ ಸುತ್ತಾಡಿ, ಎಸ್ಪ್ರೆಸೊ ಮತ್ತು ಸೊರ್ಬೆಟ್ಟೊ ಮುಗಿಸಿ, ಒಳ್ಳೆಯ ಒಣ ಪಾಸ್ತಾ, ಎಣ್ಣೆ, ಟೊಮ್ಯಾಟೊ ಕೊಂಡು ಮನೆಯಲ್ಲೇ ಬೇಯಿಸುವುದು. ಆಗ ಚೀಸ್ ಯಾವುದೆಂಬುದು ನಿಮ್ಮ ಕೈಯಲ್ಲಿರುತ್ತದೆ. ಮೊಜರೆಲ್ಲಾ ಕೊಳ್ಳುವುದಿದ್ದರೆ ಹೊರಡುವ ಮುನ್ನ ಕೊನೆಯಲ್ಲಿ ಕೊಳ್ಳಿ, ಬೆಚ್ಚಗಿನ ಮಳಿಗೆಯಲ್ಲಿ ಎರಡು ಗಂಟೆ ಚೀಲದಲ್ಲಿ ಹೊತ್ತು ತಿರುಗುವ ಪದಾರ್ಥ ಅದಲ್ಲ.

ವಿಮರ್ಶೆ ಬರೆಯುವ ಮುಂಚೆ ಮಳಿಗೆಯ ವ್ಯವಸ್ಥಾಪಕರಿಗೆ ಒಂದು ಇಮೇಲ್ ಕಳುಹಿಸಿ. ದಿನಾಂಕ, ಸಮಯ, ಬಿಲ್ಲಿನ ಸಂಖ್ಯೆ ನಮೂದಿಸಿ, ಎರಡೇ ವಿಷಯ ಬರೆಯಿರಿ: ಅರ್ಧ ಗಂಟೆ ಎಂದು ಹೇಳಿ ಹಿರಿಯರನ್ನು ಒಂದು ಗಂಟೆಗೂ ಮೀರಿ ನಿಲ್ಲಿಸಿದ್ದು, ಮತ್ತು ಸಸ್ಯಾಹಾರದ ಬಗ್ಗೆ ನೇರವಾಗಿ ಕೇಳಿದಾಗಲೂ ರೆನೆಟ್‌ನ ವಿಷಯ ತಿಳಿಸದೆ ಹೌದು ಎಂದದ್ದು. ಮೆನುವಿನಲ್ಲಿ ಅಂಥ ಚೀಸ್ ಇರುವ ತಿನಿಸುಗಳಿಗೆ ಗುರುತು ಹಾಕಿ ಎಂದು ಕೇಳಿ. ಹಣ ವಾಪಸು ಕೇಳುವುದು ನಿಮಗೆ ಬಿಟ್ಟದ್ದು. ಸ್ಪಗೆಟ್ಟಿಯ ಒಂದು ತಟ್ಟೆಯ ಬೆಲೆಯನ್ನು ಅವರು ಹಿಂದಿರುಗಿಸುವ ಸಾಧ್ಯತೆಯೂ ಇದೆ, ಕ್ರೆಡಿಟ್ ಕಾರ್ಡಿನವರ ಬಳಿ ಇಡೀ ಬಿಲ್ಲನ್ನು ಪ್ರಶ್ನಿಸಿದರೆ ಮಾತ್ರ ಗೆಲ್ಲುವುದಿಲ್ಲ, ಏಕೆಂದರೆ ಊಟ ಮುಗಿಸಿ ಟಿಪ್ಸ್ ಗುಂಡಿಯನ್ನು ನೀವೇ ಒತ್ತಿದ್ದೀರಿ. ಒಂದು ವಾರದೊಳಗೆ ಉತ್ತರ ಬರದಿದ್ದರೆ ಆ ಎರಡು ವಿಷಯಗಳನ್ನೇ ಸಾರ್ವಜನಿಕವಾಗಿ ಬರೆಯಿರಿ. ಪಿಜ್ಜಾ ಒದ್ದೆಯಾಗಿತ್ತು, ಚೀಸ್‌ಗೆ ಹೆಚ್ಚು ಹಾಕಿದರು ಎಂಬುದನ್ನು ಅದರಲ್ಲಿ ಸೇರಿಸಬೇಡಿ. ಅವೆರಡಕ್ಕೆ ಅವರ ಬಳಿ ಸಿದ್ಧ ಸಮಜಾಯಿಷಿ ಇರುತ್ತದೆ, ಅದನ್ನಷ್ಟೇ ಹೇಳಿ ನಿಮ್ಮ ನಿಜವಾದ ದೂರಿಗೆ ಉತ್ತರ ಕೊಡದೆ ಜಾರಿಕೊಳ್ಳುತ್ತಾರೆ.